ಸಮುದ್ರ ಅಲ್ಲಾಡಬಾರದು

ಹಳೇ ಬಾಗಲಕೋಟಿಯಾಗ
ಹಿಟ್ಟಿನ ಗಿರಣಿ ಮ್ಯಾಲೆ ಹನ್ನೆರಡು ಮೆಟ್ಟಲ ಹತ್ತಿದರ
ನಡುಗಡ್ಡಿ.
ಹೋಗಿ ಬರಾಕ ಎರಡು ರೂಪಾಯಿ,
ಫೋಟೋದ ಮೂರು ಕಾಪಿ ಅದರಾಗ ಬಂತು.

ನಮ್ಮಪ್ಪ ದಾವಲಸಾಬ ಸ್ಟುಡಿಯೋ ತಗದಾಗ
ಪರದೆ ಬರಿಯಾಕ ಇಳಕಲ್ಲಿನಿಂದ ಬಂದಾವ
ಚಿತ್ರಗಾರ ಗಂಗಪ್ಪ. ಸಮುದ್ರ ಕಂಡಾವಲ್ಲ.
ಹ್ಯಾಂಗಿರತೈತಿ ಅದು, ಅಂತ ಕೇಳಿದ.
ಅಪ್ಪನೂ ಕಂಡಿದ್ದಿಲ್ಲ. ಆದರೂ ಹೇಳಿದ:
“ಶ್ರಾವಣದಾಗ ಘಟಪ್ರಭಾ ನೋಡೀಯಲ್ಲೋ,
ಆಚೀ ದಂಡಿ ಅಳಿಸಿಬಿಡು. ಸಮುದ್ರ ಆತು.”

ಅಳಿಸಿದ ಗಂಗಪ್ಪ.
ನಟ್ಟನಡುವ ಒಂದು ದ್ವೀಪ ಎಬ್ಬಿಸಿದ.

ಬರ್ರಿ, ತೋರಸತೀನಿ.
ಇದು ತೆಂಗಿನ ಮರ. ಗರಿ ಮಾತ್ರ ಈಚಲದ್ದು,
ಅವನ ಕೈಗೆ ಗೊತ್ತಿದ್ದದ್ದು ಅದ.
ಇದು ಗುಡ್ಡ. ಬಾದಾಮಿ ಕಡಿಯಿಂದ ಹೊತ್ತು ತಂದ ಕೆಂಪು ಕಲ್ಲು,
ಮ್ಯಾಲೆ ಕುಂತ ಮಂಗ್ಯಾ ಸೈತ ಹಂಗ ಬಂದಾವ.
ನೀರಾಗ ತೇಲೂದು ಹಡಗಲ್ಲ, ಹರಗೋಲು;
ಅದರಾಗ ಇಬ್ಬರು ಮಂದಿ, ಒಂದು ಆಡು.
ದಂಡ್ಯಾಗ ಕುಣಿಯೋ ದ್ವೀಪದ ಹೆಂಗಸರು
ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟಾರ,
ಒಬ್ಬಾಕಿ ಮೂಗಿಗೆ ನತ್ತೂ ಐತಿ.
ಸೂರ್ಯ ಏಳಾಕತ್ತಾನೋ ಮುಳಗಾಕತ್ತಾನೋ,
ಅದು ಗಿರಾಕಿಗೆ ಬಿಟ್ಟದ್ದು.

ಯಾರ್ಯಾರು ಬಂದು ಹೋದರು ಅಲ್ಲಿ!
ಬೀಳಗಿ ಬಸ್ಸಿನ ಕಂಡಕ್ಟರ್, ಹೊಸಾ ಹೇಂತಿ ಕೂಡ,
ಟಿಕೇಟಿನ ಚೀಲ ತಗದಿಡಾಕ ಮರತು.
ಗದ್ದಲಾ ಮಾಡೋ ನಾಕು ಪೈಲವಾನರು.
ಕಲಾದಗಿಯ ದಾಳಿಂಬರಿ ಮಾರೋ ಸಿದ್ರಾಮವ್ವ
ರೊಕ್ಕದ ಬದಲಿ ಬುಟ್ಟಿ ಇಟ್ಟು
ಖುರ್ಚಿ ಎಳಕೊಂಡು ತೆಂಗಿನ ಬುಡಕ್ಕ ಸರದಳು:
“ಬಿಸಲ ಭಾಳ ಐತ್ರಿ ಇಲ್ಲೆ.”

ನಂದು ಪರದೆ ಹಿಂದಿನ ಕೆಲಸ.
ಕಿಡಕಿ ಗಾಳಿಗೆ ಬಟ್ಟಿ ಹೊಯ್ದಾಡಿದರ
ಫೋಟೋದಾಗ ಮಂದಿ ನೆಟ್ಟಗ, ದ್ವೀಪ ಮಸಕ.
“ಮೌಲಾಬೀ, ಅಂಚು ಹಿಡಿ! ಸಮುದ್ರ ಅಲ್ಲಾಡಬಾರದು.”
ಏಳು ವರ್ಷದಾಕಿ, ಎರಡೂ ಮುಷ್ಟಿಯಾಗ ಅಂಚು,
ಉಸರು ಒಳಗ.
ಸಮುದ್ರದ ಬೆನ್ನು ನಾ ಒಬ್ಬಾಕಿನ ಕಂಡದ್ದು:
ಹಿಟ್ಟಿನ ಚೀಲ ಬಿಚ್ಚಿ ಹೊಲದದ್ದು, ಅಲ್ಲಲ್ಲೆ ತ್ಯಾಪಿ.
ಕೆಳಗ ಗಿರಣಿ ಗುಡುಗುಡು ಅಂತಿತ್ತು, ಪಾದ ಜುಂ ಅಂತಿದ್ದವು.
ಅದ ತೆರಿ ಸಪ್ಪಳ ಅಂತ ತಿಳದಿದ್ದೆ.

ಆಮ್ಯಾಲೆ ಆಣೆಕಟ್ಟಿನ ನೀರು ಬಂತು.
ಮನಿಗೆ ನಂಬರ್ ಬರದರು, ಗಿರಣಿಗೂ ಬರದರು,
ನಮಗ ನವನಗರದಾಗ ಸೆಕ್ಟರ್ ಕೊಟ್ಟರು.
ಪರದೆ ಸುರುಳಿ ಸುತ್ತಿ ಟಂಟಂ ಮ್ಯಾಲೆ ಕಟ್ಟಿದಿವಿ,
ಸೂರ್ಯನ ತುದಿ ಹೊರಗ ಜೋತಾಡಕೋತ ಬಂತು.
ಹೊಸಾ ಮನಿ ಗ್ವಾಡಿ ಗಿಡ್ಡ.
ತೆಂಗು ಕುತಗಿ ಮಡಚಿ ನಿಂತಿತು ಎರಡು ವರ್ಷ.
ಅಪ್ಪ ಹೋದ ಮ್ಯಾಲೆ ಅದನ್ನ ಇಳಿಸಿದೆ.

ಹ್ವಾದ ವರ್ಷ, ಗುಂಪಿನ ಜೋಡಿ, ಖರೇ ದ್ವೀಪಕ್ಕ ಹೋಗಿದ್ದೆ,
ಅಂಡಮಾನಕ್ಕ.
ಗಾಜಿನ ತಳದ ದೋಣ್ಯಾಗ ಹವಳ ತೋರಿಸಿದರು,
ಮೀನು, ನೀಲಿ ಅಂದರ ನೀಲಿ.
ಸಂಜೀಕೆ ಹಾಲಿನ್ಯಾಗ ಕುಣಿತ, ಎಳನೀರು.
ತೆಂಗಿನ ಗರಿ ತೆಂಗಿನ ಗರಿಯಂಗ ಇದ್ದವು.
ಚಲೋ ಇತ್ತು. ಖರೇನ ಚಲೋ ಇತ್ತು.
ಆದರ ಆಡು ಇದ್ದಿಲ್ಲ.

ವಾಪಸ್ ಬಂದು, ದೀಪಾವಳಿ ಮುಂದ ಒಂದಿನ,
ಹಳೇ ಊರಿಗೆ ಹೋದೆ.
ರಸ್ತೆ ಇಳಕೋತ ಇಳಕೋತ ನೀರಿಗೆ ಹೋಗಿ ನಿಂತಿತ್ತು.
ಎಲ್ಲೋ ಕೆಳಗ ಹನ್ನೆರಡು ಮೆಟ್ಟಲ.
ಕಣ್ಣು ಹಾಯೂ ತನಕ ಹಾಯಿಸಿದೆ:
ಆಚೀ ದಂಡಿ ಅಳಿಸಿತ್ತು.

ಗಾಳಿ ಎದ್ದಿತು. ನೀರೆಲ್ಲಾ ಹೊಯ್ದಾಡಿತು.
ನನ್ನ ಎರಡೂ ಮುಷ್ಟಿ ತಾವ ಬಿಗದವು,
ಅಂಚು ಸಿಗಲಿಲ್ಲ.

ಕಾಲೇಜು ಹುಡಿಗ್ಯಾರು ಇಬ್ಬರು ಮೊಬೈಲ್ ಹಿಡದಿದ್ದರು,
ಒಬ್ಬಾಕಿ ನೀರಿಗೆ ಬೆನ್ನು ಕೊಟ್ಟು ನಕ್ಕೋತ.
“ಅಜ್ಜೀ, ಸ್ವಲ್ಪ ಆಕಡೆ ಸರೀರಿ,
ಫೋಟೋದಾಗ ಬರಾಕತ್ತೀರಿ.”

ಹೂಂ ಅಂದೆ.
ಸರೀಲಿಲ್ಲ.